ದೀಪ ಹಚ್ಚಿದ ಮೇಲಿನ ಕಸ

ನಮ್ಮ ಮಾಲಕರು ನನ್ನನ್ನು ಬೆಂಗಳೂರಿಗೆ ಕಳಿಸಿದ್ದು ಮಲಗುವುದಕ್ಕೆ. ತಮಾಷೆಗೆ ಹೇಳುತ್ತಿಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಗೆ ಮುಖ ಮಾಡಿರುವ ಅವರ ಲಾಡ್ಜಿನಲ್ಲಿ ರೂಮುಗಳ ಉಸ್ತುವಾರಿ ನನ್ನದು. ಬೇರೆಯವರು ಮಲಗಲಿ ಎಂದು ಇಷ್ಟು ವರ್ಷ ಹಾಸಿಗೆ ಹಾಸಿದವಳನ್ನು ಒಂದು ದಿನ ಆಫೀಸಿಗೆ ಕರೆದು, "ಬಾಯಿ, ನೀ ಹೋಗಿ ಆ ಬುಟಿಕ್ ಹೋಟ್ಲಲ್ಲಿ ಎರಡು ರಾತ್ರಿ ಗಿರಾಕಿ ಹಂಗೆ ಉಳ್ಕಂಡು ಬಾ. ಹಾಸ್ಗೆ ಹೆಂಗೆ, ಬಾತ್‌ರೂಮ್ ಹೆಂಗೆ, ಎಲ್ಲಾ ನೋಡು. ನಮ್ ಹೊಸ ಕಟ್ಟಡ ಹಂಗೇ ಆಗ್ಬೇಕು" ಎಂದರು.

ಲಾಡ್ಜಿನ ಪಕ್ಕದಲ್ಲೇ ಆ ಹೊಸ ಕಟ್ಟಡ ಏಳುತ್ತಿತ್ತು. ರೂಮು ಕಡಿಮೆ, ಬಾಡಿಗೆ ಜಾಸ್ತಿ, ಒಂದು ರೂಮಿನ ಹಾಗೆ ಇನ್ನೊಂದಿಲ್ಲ. ಅದರ ಉಸ್ತುವಾರಿಯೂ ನನಗಲ್ಲದೆ ಇನ್ಯಾರಿಗೆ ಎಂದು ನಾನು ಬೀಗಿಕೊಂಡೇ ಓಡಾಡುತ್ತಿದ್ದೆ. ಭಾವಿಕೇರಿಯ ಮನೆಯಲ್ಲಿ ಗಂಡನಿಗೂ ಹೇಳಿಯಾಗಿತ್ತು, ನೆರೆಮನೆಯವರಿಗೂ ಹೇಳಿಯಾಗಿತ್ತು. ಆಫೀಸಿನ ಬಾಗಿಲು ದಾಟುವಷ್ಟರಲ್ಲಿ ಮಾಲಕರು ಹಿಂದಿನಿಂದ ಕೂಗಿದರು.

"ಅಲ್ಲಿ ನಮ್ಮ ಹಿಲ್ಲೂರ್ ಹುಡ್ಗಿ ಇದ್ದಾಳಲ, ಅವ್ಳೇ ಈಗ ಹೌಸ್‌ಕೀಪಿಂಗಿಗೆ ಹೆಡ್ಡು. ಅವ್ಳ ಕೆಲ್ಸನೂ ನೋಡು. ಹೊಸ ಕಟ್ಟಡಕ್ಕೆ ಅವ್ಳನ್ನ ತರೂದೋ ಬ್ಯಾಡ್ವೋ ನೀನೇ ಹೇಳು."

"ಹ್ಞೂಂ" ಎಂದು ಹೇಳಿ, ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದುಕೊಂಡು ಹೊರಗೆ ಬಂದೆ.

ಹಿಲ್ಲೂರಿನ ಆ ಹುಡುಗಿ ನಮ್ಮಲ್ಲಿಗೆ ಬಂದಾಗ ಹಾಸುವ ಶೀಟು ಯಾವುದು, ಹೊದೆಯುವ ಶೀಟು ಯಾವುದು ಎಂದೂ ತಿಳಿಯದವಳು. ನಲ್ಲಿಯ ಬುಡವನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜುವುದರಿಂದ ಹಿಡಿದು, ಗಿರಾಕಿ ಬೈದರೆ ಎಲ್ಲಿ ನೋಡುತ್ತ ನಿಲ್ಲಬೇಕು ಎಂಬುದರವರೆಗೆ ಕಲಿಸಿದವಳು ನಾನು. ಒಂದು ಸಲ ಬೆಂಗಳೂರಿನ ಗಿರಾಕಿಯೊಬ್ಬರು ಬಂದು ಉಳಿದರು. ಹೋಗುವಾಗ ರೂಮನ್ನು ಬಾಯಿತುಂಬ ಹೊಗಳಿ, ತಮ್ಮ ಹೋಟೆಲಿಗೆ ಬರುತ್ತೀಯಾ ಎಂದು ಅವಳನ್ನು ಕೇಳಿದರು. ಹಾಸಿಗೆ ಹಾಸಿದ್ದು ನಾನು, ಬಾತ್‌ರೂಮ್ ತೊಳೆದದ್ದು ನಾನು. ಅವಳು ಆ ಹೊತ್ತಿಗೆ ನೀರಿನ ಜಗ್ಗು ಹಿಡಿದು ಒಳಗೆ ಹೋಗಿದ್ದಳು, ಅಷ್ಟೇ. ಅವಳು ಹೊರಟ ದಿನ ನಾನು ಒಳ್ಳೆಯದಾಗಲಿ ಎಂದೇ ಹೇಳಿದೆ. ಆಮೇಲೆ ಹಾಸಿಗೆ ಬಟ್ಟೆಗಳನ್ನು ಇಡುವ ಲಿನನ್ ರೂಮಿಗೆ ಹೋಗಿ ದಿಂಬುಗಳಿಗೆ ನಾಲ್ಕು ಬಾರಿಸಿದೆ.

ಬೆಂಗಳೂರಿನ ಆ ಹೋಟೆಲು ಹೊರಗಿನಿಂದ ಹೋಟೆಲಿನಂತೆ ಕಾಣುವುದೇ ಇಲ್ಲ. ಹಳೆಯ ಬಂಗಲೆ, ಗೇಟಿನ ಪಕ್ಕದಲ್ಲಿ ಅಂಗೈಯಗಲದ ಹಿತ್ತಾಳೆ ಫಲಕ. ಆಟೋದವನು ಎರಡು ಸಲ ದಾಟಿಕೊಂಡು ಹೋದ. ಒಳಗೆ ರೆಡ್ ಆಕ್ಸೈಡಿನ ಕೆಂಪು ಗಾವಿ ನೆಲ, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ನಮ್ಮ ಕಡೆ ಇಂಥ ನೆಲವನ್ನು ಒಡೆದು ಟೈಲ್ಸ್ ಹಾಕಿಸಿ ಖುಷಿಪಡುತ್ತೇವೆ. ಇವರು ಅದನ್ನೇ ತೋರಿಸಿ ಬಾಡಿಗೆ ಎತ್ತುತ್ತಾರೆ. ಬಸ್ಸಿನಲ್ಲಿ ಮುದುಡಿದ ಸೀರೆಯನ್ನು ಎಳೆದುಕೊಳ್ಳುತ್ತ ನಿಂತಿದ್ದೆ. ಅಷ್ಟರಲ್ಲಿ ಬೂದು ಬಣ್ಣದ ಕಾಟನ್ ಸೀರೆ ಉಟ್ಟು, ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡವಳೊಬ್ಬಳು ಕೌಂಟರಿನವರೊಡನೆ ಇಂಗ್ಲಿಷಿನಲ್ಲಿ ಏನೋ ಹೇಳಿ ನನ್ನ ಕಡೆ ತಿರುಗಿದಳು.

"ಅಕ್ಕಾ! ಬಂದ್ಯೇ? ಬಸ್ಸಲ್ಲಿ ನಿದ್ದಿ ಬಂತೆ? ಮುಖ ಎಲ್ಲಾ ಬಾಡಿ ಹೋಗದೆ ನೋಡು."

ಅಷ್ಟು ಜನರ ಎದುರಿಗೆ, ನಮ್ಮದೇ ಮಾತಿನಲ್ಲಿ, ಗಟ್ಟಿಯಾಗಿ ಹೇಳಿ ನನ್ನ ಕೈಚೀಲವನ್ನು ತಾನೇ ಎತ್ತಿಕೊಂಡಳು. ನನಗೆ ಸಿಟ್ಟೇ ಬಂತು. ಅವಳು ಸೊಕ್ಕು ತೋರಿಸಬೇಕು, ಗುರುತು ಸಿಗದವಳ ಹಾಗೆ ಮಾಡಬೇಕು ಎಂದು ದಾರಿಯುದ್ದಕ್ಕೂ ಹಾರೈಸಿಕೊಂಡು ಬಂದಿದ್ದೆ. ಹಾಗೆ ಮಾಡಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗುತ್ತಿತ್ತು.

ರೂಮಿನ ಬಾಗಿಲು ಹಾಕಿಕೊಂಡವಳೇ ಕೆಲಸ ಶುರು ಮಾಡಿದೆ. ರೂಮು ನೋಡುವುದಕ್ಕೆ ನನ್ನದೇ ಒಂದು ಕ್ರಮವಿದೆ. ಮೊದಲು ಬಾಗಿಲಿನ ಮೇಲಂಚಿಗೆ ಬೆರಳು ಹಾಯಿಸುವುದು. ಉದಾಸೀನದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಆಮೇಲೆ ಪರದೆಯ ಹಿಂದೆ, ದೀಪದ ಬುರುಡೆಯ ಮೇಲೆ, ಮಂಚದ ಕಾಲಿನ ಒಳಬದಿ. ಬಾತ್‌ರೂಮಿನಲ್ಲಿ ಮೊದಲು ಕಣ್ಣಲ್ಲ, ಮೂಗು. ನೀರು ಹೋಗುವ ಜಾಳಿಗೆಯ ಹತ್ತಿರ ಬಗ್ಗಿ ಉಸಿರು ಎಳೆಯಬೇಕು. ಗಾಜನ್ನು ನೇರ ನೋಡಿದರೆ ಕಲೆ ಕಾಣದು, ಪಕ್ಕದಲ್ಲಿ ನಿಂತು ಓರೆಯಾಗಿ ನೋಡಬೇಕು. ನಲ್ಲಿಯ ಬುಡ, ಕಮೋಡಿನ ಅಂಚಿನ ಕೆಳಗೆ, ಕನ್ನಡಿಯ ಹಿಂದಿನ ಗೋಡೆ, ಎಲ್ಲ ಕಡೆ ಬೆರಳು ಆಡಿಸಿದೆ. ಬೆರಳು ಬೆಳ್ಳಗೆ ಬಂತು.

ಕೊನೆಗೆ ಹಾಸಿಗೆ. ಶೀಟಿನ ಮೂಲೆಯನ್ನು ಎತ್ತಿ ಮೇಲಿಟ್ಟು, ಇಳಿಬಿದ್ದದ್ದನ್ನು ಒಳಗೆ ಸೇರಿಸಿ, ಆಮೇಲೆ ಎತ್ತಿಟ್ಟದ್ದನ್ನು ಇಳಿಸಿ ಓರೆಯಾಗಿ ಸಿಕ್ಕಿಸಿದ್ದರು. ಅದು ಎಲ್ಲ ಒಳ್ಳೆಯ ಹೋಟೆಲಿನಲ್ಲೂ ಇರುತ್ತದೆ. ಆದರೆ ಕಾಲಿನ ಕಡೆ ಕೈಯಾಡಿಸಿದಾಗ ನಿಂತುಬಿಟ್ಟೆ. ಹೊದೆಯುವ ಶೀಟಿಗೆ ಅಲ್ಲೊಂದು ಉದ್ದ ನೆರಿಗೆ ಹಿಡಿದು, ಅದನ್ನು ಸಡಿಲವಾಗಿ ಬಿಟ್ಟು ತುದಿಯನ್ನು ಸಿಕ್ಕಿಸಿದ್ದರು. ನಮ್ಮ ಲಾಡ್ಜಿಗೆ ಪದೇ ಪದೇ ಬರುತ್ತಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರ ಕಾಲು ಬಾತುಕೊಳ್ಳುತ್ತಿತ್ತು. ಬಿಗಿ ಶೀಟು ಹೆಬ್ಬೆರಳನ್ನು ಒತ್ತುತ್ತದೆ ಎಂದು ಅವರು ಒದ್ದಾಡಿದ್ದಕ್ಕೆ, ಸೀರೆಯ ನೆರಿಗೆ ಹಿಡಿಯುವ ಹಾಗೆ ಹಿಡಿದು ನಾನು ಶುರು ಮಾಡಿದ ಉಪಾಯ ಅದು. ಆಮೇಲೆ ಎಲ್ಲ ರೂಮಿಗೂ ಅದನ್ನೇ ಮಾಡಿದೆ.

ನೀರಿಡಲು ಬಂದ ಹುಡುಗಿಯನ್ನು ಇದೇನು ಎಂದು ಗೊತ್ತಿಲ್ಲದವಳಂತೆ ಕೇಳಿದೆ.

"ಅದು ಮ್ಯಾಡಮ್ ನೆರಿಗೆ ಮೇಡಂ. ನಮ್ಮ ಮ್ಯಾಡಮ್ ಕಲಿಸಿದ್ದು. ಗೆಸ್ಟ್‌ಗಳಿಗೆ ತುಂಬಾ ಇಷ್ಟ" ಎಂದಳು.

ಮ್ಯಾಡಮ್ ನೆರಿಗೆ! ಆ ಹಾಸಿಗೆಯ ಮೇಲೆ ಕೂರಲೂ ಮನಸ್ಸಾಗಲಿಲ್ಲ. ಕುರ್ಚಿಯಲ್ಲೇ ಕೂತು ನನ್ನೊಳಗೆ ಉರಿದುಕೊಂಡೆ. ಈ ಊರಿನ ಹವೆಯಲ್ಲಿ ಬಟ್ಟೆ ಒಣಗಿಸುವುದೇನು ಮಹಾ ವಿದ್ಯೆ? ನಮ್ಮ ಆಷಾಢದ ಮಳೆಯಲ್ಲಿ, ಕಾಳಿ ನದಿಯ ತೇವದಲ್ಲಿ, ಮುಗ್ಗಲು ವಾಸನೆ ಬಾರದ ಹಾಗೆ ಒಂದು ಬೆಡ್‌ಶೀಟು ಒಣಗಿಸಿ ತೋರಿಸಲಿ, ಆಗ ಒಪ್ಪುತ್ತೇನೆ. ಹೀಗೆ ಮನಸ್ಸಿನಲ್ಲೇ ಅವಳಿಗೆ ಸವಾಲು ಹಾಕಿದ ಮೇಲೆ ಒಂದಿಷ್ಟು ಸಮಾಧಾನವಾಯಿತು.

ಆ ದಿನವೆಲ್ಲ ಅವಳನ್ನು ಗಮನಿಸಿದೆ. ಅವಳು ಮೊಗಸಾಲೆಯಲ್ಲಿ ಬಂದರೆ ಕೂತವರು ಏಳುತ್ತಿದ್ದರು. ಹೆದರಿ ಅಲ್ಲ, ಏನೋ ಕೇಳುವುದಿರುತ್ತಿತ್ತು. ನಮ್ಮಲ್ಲಿ ನಾನು ಬಂದರೆ ಮೊಬೈಲನ್ನು ಸೆರಗಿನಡಿ ಬಚ್ಚಿಡುತ್ತಾರೆ, ಅಷ್ಟೇ ಮರ್ಯಾದೆ. ಮಧ್ಯಾಹ್ನ ನನ್ನ ಊಟದ ತಟ್ಟೆಯಲ್ಲಿ ಬಿಳಿ ಪಿಂಗಾಣಿಯ ನಡುವೆ ಬೆರಳಿನಷ್ಟು ಏನೋ ಇಟ್ಟು ಸುತ್ತ ಹಸಿರು ಚುಕ್ಕಿ ಹಾಕಿದ್ದರು. ನಾನು ಅದನ್ನೇ ನೋಡುತ್ತ ಕೂತಿದ್ದಾಗ ಅವಳು ಅಡುಗೆಮನೆಯಿಂದ ಒಂದು ಬಟ್ಟಲು ತಂದಿಟ್ಟಳು. ಕೆಂಪಕ್ಕಿ ಗಂಜಿ, ಪಕ್ಕದಲ್ಲಿ ಒಣ ಶೆಟ್ಲಿ ಚಟ್ನಿ.

"ಶೆಟ್ಲಿ ಊರಿಂದ್ಲೇ ತರ್ಸೂದು ಅಕ್ಕಾ. ಇಲ್ಲಿ ಸಿಗಡಿ ಅಂತ ಮಾರೂದು ಬರೀ ಉಪ್ಪು. ನೀ ಇದ್ನೇ ಉಣ್ಣು, ಆ ತಟ್ಟೆ ನಾ ತೆಗಸ್ತೆ" ಎಂದಳು.

ತಿಂದೆ. ಚಟ್ನಿ ಬಹಳ ಚೆನ್ನಾಗಿತ್ತು. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಸಂಜೆ ಇಬ್ಬರು ಹುಡುಗಿಯರು ಬಾಗಿಲು ತಟ್ಟಿದರು. ದೊಡ್ಡ ಹೋಟೆಲುಗಳಲ್ಲಿ ಕತ್ತಲಾಗುವ ಹೊತ್ತಿಗೆ ರೂಮನ್ನು ಇನ್ನೊಮ್ಮೆ ಸಿದ್ಧ ಮಾಡುತ್ತಾರೆ. ಪರದೆ ಎಳೆದು, ಮಂಚದ ಪಕ್ಕದ ದೀಪ ಹಚ್ಚಿ, ಹೊದಿಕೆಯ ಒಂದು ಮೂಲೆ ಮಡಚಿ, ಚಪ್ಪಲಿ ಜೋಡಿಸಿ, ಬಾತ್‌ರೂಮ್ ಒರೆಸಿ, ನೆಲ ಗುಡಿಸಿ ಹೋಗುವುದು. ನಾನು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತು ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಗುಡಿಸಿದ್ದನ್ನೂ ಮೇಜಿನ ಪಕ್ಕದ ಬುಟ್ಟಿಯ ಕಾಗದವನ್ನೂ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹೊರಟರು. ಹಣ್ಣಿನ ಸಿಪ್ಪೆಯನ್ನು ಬೇರೆ ಚೀಲಕ್ಕೆ ಹಾಕಿದರು.

ಮರುದಿನ ಬೆಳಗಿಗೆ ನನಗೆ ಬೇಕಾದದ್ದು ಸಿಕ್ಕಿತು. ಚಹಾ ಹುಡುಕಿಕೊಂಡು ಮೊಗಸಾಲೆಯ ತುದಿಯವರೆಗೆ ಹೋದೆ. ಅಲ್ಲಿ ಟವೆಲು, ಸೋಪು ಇಡುವ ಸಣ್ಣ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಗೋಡೆಗೆ ಸಾಲಾಗಿ ಅದೇ ಸ್ಟೀಲ್ ಡಬ್ಬಿಗಳು, ಒಂದೊಂದರ ಮೇಲೂ ಒಂದೊಂದು ರೂಮಿನ ನಂಬರು. ಮುಚ್ಚಳ ಎತ್ತಿದೆ. ನಿನ್ನೆ ಸಂಜೆಯ ಕಸ! ರಾತ್ರಿಯಿಡೀ ಒಳಗೇ ಇದೆ! ಎಲ್ಲ ಡಬ್ಬಿಗಳಲ್ಲೂ ಇದೆ!

ಇಷ್ಟು ಖುಷಿ ನನಗೆ ಮಗಳ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ. ಬೆರಳು ಬೆಳ್ಳಗೆ ಬರುವ ಹೋಟೆಲು, ಗಾವಿ ನೆಲ, ಮ್ಯಾಡಮ್ ನೆರಿಗೆ, ಎಲ್ಲ ಮಾಡಿ ಕೊನೆಗೆ ಕಸ ಹೊರಗೆ ಹಾಕಲು ಉದಾಸೀನ. ಮೊಬೈಲ್ ತೆಗೆದು ಮುಚ್ಚಳ ತೆರೆದ ಡಬ್ಬಿಗಳ ಫೋಟೋ ಹೊಡೆದೆ. 'ನಿನ್ನೆ ಕಸ ಇವತ್ತೂ ಒಳಗೇ ಇಟ್ಟಿದ್ದಾರೆ ನೋಡಿ' ಎಂದು ಬರೆದು ಮಾಲಕರ ವಾಟ್ಸ್ಯಾಪಿಗೆ ಕಳಿಸಿದೆ. ಆಮೇಲೆ ಮೈಗೆ ರೆಕ್ಕೆ ಬಂದವಳಂತೆ ತಿಂಡಿಗೆ ಹೋದೆ.

ತಿಂಡಿ ಅರ್ಧವಾಗಿರಲಿಲ್ಲ, ಮೇಲೆ ಗಲಾಟೆ ಕೇಳಿಸಿ ಎದ್ದು ಹೋದೆ. ನನ್ನ ಪಕ್ಕದ ರೂಮಿನಲ್ಲಿ ವಯಸ್ಸಾದ ಒಬ್ಬರು ಮಗಳೊಡನೆ ಉಳಿದಿದ್ದರು. ಅವರ ಮೊಮ್ಮಗಳು ಆ ದಿನ ಮೊದಲ ಸಲ ವೇದಿಕೆಯ ಮೇಲೆ ಹಾಡುವವಳಿದ್ದಳು. ಅದನ್ನು ಕೇಳಲೆಂದೇ ದೂರದಿಂದ ಬಂದಿದ್ದರು. ಈಗ ಅವರ ಕಿವಿಯ ಮೆಷಿನ್ ಇಲ್ಲ. ಅದಿಲ್ಲದೆ ಎದುರಿಗೆ ಡೋಲು ಬಡಿದರೂ ಅವರಿಗೆ ಕೇಳಿಸದು. ಮಗಳು ಹೋಟೆಲಿನವರ ಮೇಲೆ ಕೂಗುತ್ತಿದ್ದಳು, ನಡುನಡುವೆ ಅಪ್ಪನ ಮೇಲೂ ಕೂಗುತ್ತಿದ್ದಳು. ಅವರು ಒಂದಕ್ಷರವೂ ಕೇಳಿಸದೆ ಎಲ್ಲರ ಮುಖ ನೋಡುತ್ತಿದ್ದರು. ಆ ಮುಖ ನೋಡಿ ನನ್ನ ಖುಷಿ ಅರ್ಧ ಇಳಿಯಿತು.

ಹಿಲ್ಲೂರಿನ ಹುಡುಗಿ ಬಂದಳು. ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಆ ಹಿರಿಯರ ಪಕ್ಕ ಮೊಣಕಾಲೂರಿ ಕೂತು, ತನ್ನ ಕಿವಿಯಿಂದ ಏನೋ ತೆಗೆದಂತೆ ಮಾಡಿ, ಎಲ್ಲಿಟ್ಟಿರಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವರು ಮೇಜು ತೋರಿಸಿ, ಟಿಶ್ಯೂ ಕಾಗದದಲ್ಲಿ ಸುತ್ತಿದ ಹಾಗೆ ಬೆರಳಾಡಿಸಿದರು. ನಿನ್ನೆ ಸಂಜೆ, ಸ್ನಾನಕ್ಕೆ ಹೋಗುವ ಮುಂಚೆ ತೆಗೆದಿಟ್ಟವರು ಪ್ರಯಾಣದ ದಣಿವಿಗೆ ಅದನ್ನು ಮರೆತು ಮಲಗಿಬಿಟ್ಟಿದ್ದರಂತೆ.

ರೂಮುಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಉಳಿದದ್ದು ಹೇಳಬೇಕಾಗಿಲ್ಲ. ಮೇಜಿನ ಮೇಲಿನ ಮುದ್ದೆ ಟಿಶ್ಯೂ ಎಂದರೆ ಕಸ. ಬೇರೆ ಎಲ್ಲ ಹೋಟೆಲಿನಲ್ಲೂ ಅದು ರಾತ್ರಿಯ ಗಾಡಿಯಲ್ಲಿ ಊರಾಚೆ ಹೋಗಿರುತ್ತದೆ.

"ಅಕ್ಕಾ, ನಿನ್ ಕಣ್ಣು ಚುರುಕು. ಬಾ ಇಲ್ಲಿ" ಎಂದು ನನ್ನ ಕೈ ಹಿಡಿದು ಆ ಸಣ್ಣ ಕೋಣೆಗೆ ಎಳೆದುಕೊಂಡು ಹೋದಳು. ಒಂದು ಬಿಳಿ ಶೀಟನ್ನು ನೆಲಕ್ಕೆ ಹಾಸಿ, ಅವರ ರೂಮಿನ ನಂಬರಿದ್ದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದಳು. ಇಬ್ಬರೂ ಮಂಡಿಯೂರಿ ಒಂದೊಂದೇ ಟಿಶ್ಯೂ ಬಿಡಿಸತೊಡಗಿದೆವು. ಕೂದಲು, ಬಿಸ್ಕತ್ತಿನ ಪುಡಿ, ಮಾತ್ರೆಯ ಕವರು. ನಾಲ್ಕಾರು ಮುದ್ದೆ ಬಿಡಿಸಿದ ಮೇಲೆ ನನ್ನ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಗೇರುಬೀಜದಷ್ಟು ದೊಡ್ಡದು, ಚರ್ಮದ ಬಣ್ಣದ್ದು, ಬಾಲದ ಹಾಗೆ ಒಂದು ಸಣ್ಣ ನಳಿಗೆ.

ಅದನ್ನು ಕಿವಿಗೆ ಸಿಕ್ಕಿಸಿಕೊಂಡ ಹಿರಿಯರು ಮಗಳ ಕಡೆ ತಿರುಗಿ, "ಈಗ ಬೈಯಮ್ಮ, ಕೇಳಿಸುತ್ತೆ" ಎಂದರು. ಮಗಳು ಅಳತೊಡಗಿದಳು. ಮ್ಯಾನೇಜರು ನಮ್ಮ ಹುಡುಗಿಯ ಕೈಕುಲುಕಿದರು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ, ಮೊಬೈಲು ಸೊಂಟದಲ್ಲಿ ಬೆಂಕಿಯ ಹಾಗೆ ಇತ್ತು.

ಅವಳು ಡಬ್ಬಿ ತುಂಬಿಸುತ್ತಿದ್ದಾಗ ಕೇಳಿದೆ, "ಇದೆಂತಾ ಪದ್ಧತಿಯೇ ನಿಂದು? ಕಸ ಕಾದಿಡೂದು?"

ಅವಳು ತಲೆಯೆತ್ತಿ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು.

"ನೀನೇ ಅಲ್ವೆ ಅಕ್ಕಾ? ದೀಪ ಹಚ್ಚಿದ್ ಮೇಲೆ ಗುಡ್ಸಿದ್ ಕಸ ಹೊರ್ಗೆ ಹಾಕ್ಬಾರ್ದು, ಲಕ್ಷ್ಮಿ ಹೋಗ್ತದೆ ಅಂದೆ. ನಾ ಒಂದಿನ ಹೊಳೆ ಬದಿಗೆ ಚೆಲ್ಲಿದ್ದಕ್ಕೆ ನೀ ಹೆಂಗೆ ಬೈದಿದ್ದಿ! ಮೂಲ್ಯಾಗೆ ಇಡು, ಬೆಳಿಗ್ಗೆ ಹಾಕು ಅಂದೆ. ಇಲ್ಲಿ ಲಕ್ಷ್ಮಿ ಅಂದ್ರೆ ನಗ್ತಾರೆ. ಗಿರಾಕಿ ಸಾಮಾನು ಕಳೀತದೆ ಅಂದೆ, ಡಬ್ಬಿ ತರ್ಸಿ ಕೊಟ್ರು. ನಂಗೆ ಮಾತ್ರ ಲಕ್ಷ್ಮಿನೇ."

ನನಗೆ ಅದು ನೆನಪೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಎಲ್ಲರೂ ಪಾಲಿಸುವುದು ಅದು. ಅತ್ತೆ ಇದ್ದಾಗ ನಾನೂ ಚಾಚೂ ತಪ್ಪದೆ ಪಾಲಿಸಿದ್ದೆ. ಲಾಡ್ಜಿನಲ್ಲಿ ಸಂಜೆ ಬಸ್ಸಿಗೆ ಬರುವ ಗಿರಾಕಿಗಳು ಹೆಚ್ಚಾದ ಮೇಲೆ ಯಾವಾಗಲೋ ಬಿಟ್ಟುಹೋಗಿತ್ತು. ಕಣ್ಣೆದುರಿಗೇ ಸಾಲಾಗಿ ಇಟ್ಟಿದ್ದರೂ ಗುರುತು ಹತ್ತಲಿಲ್ಲ. ನನ್ನ ಮಾತನ್ನು ನನಗಿಂತ ಚೆನ್ನಾಗಿ ಅವಳು ಇಟ್ಟುಕೊಂಡಿದ್ದಳು. ಹೊಟ್ಟೆಕಿಚ್ಚು ಕಡಿಮೆಯಾಯಿತು ಎಂದುಕೊಳ್ಳಬೇಡಿ, ಇನ್ನೂ ಹೆಚ್ಚಾಯಿತು.

ಆಗಲೇ ಫೋನು ಬಡಿದುಕೊಂಡಿತು. ಮಾಲಕರು. ನಾನು ಹಿತ್ತಲಿನ ಮೆಟ್ಟಿಲಿಗೆ ಓಡಿದೆ.

"ಅರೆ ದೇವಾ, ಎಂತಾ ಗಲೀಜು ಅದು, ಬಾಯಿ! ಇದ್ರ ಸಲುವಾಗಿ ಅವ್ಳನ್ನ ಅಲ್ಲಿಂದ ತರೂದೆ? ಬ್ಯಾಡ ಅಂತ ಹೇಳ್ಬಿಡ್ಲೆ?"

ಒಂದು "ಹ್ಞೂಂ" ಸಾಕಿತ್ತು. ಸುಳ್ಳು ಹೇಳುವುದೂ ಬೇಕಿರಲಿಲ್ಲ, ಫೋಟೋ ಇತ್ತು. ಹೊಸ ಕಟ್ಟಡದ ಬೀಗದ ಕೈ ಗೊಂಚಲು ನನ್ನ ಸೊಂಟದಲ್ಲಿ ಇರುತ್ತಿತ್ತು. ಭಾವಿಕೇರಿಯಲ್ಲಿ ನೆರೆಮನೆಯವಳು ನೋಡುತ್ತಿದ್ದಳು. ಮಾಲಕರು ಎರಡು ಸಲ "ಹಲೋ" ಅಂದರು. ನಾನು ಮೆಟ್ಟಿಲ ಮೇಲೆ ಕೂತೆ. ಕೆಲಸ ನೋಡಿ ಬಾ ಎಂದು ಕಳಿಸಿದ್ದರು, ಕೆಲಸ ನೋಡಿಯಾಗಿತ್ತು. ನೋಡಿದ್ದನ್ನು ನೋಡಿಲ್ಲ ಎನ್ನುವುದು ಹೇಗೆ? ಬಾಗಿಲಿನ ಮೇಲಂಚಿನ ಧೂಳನ್ನು ಬಿಡದ ಬೆರಳು ನನ್ನದು.

"ಇಲ್ಲ ಸಾವ್ಕಾರ್ರೆ" ಎಂದೆ. "ಆ ಫೋಟೋ ನಾ ತೆಗ್ದದ್ದು ಹೊಟ್ಟೆಕಿಚ್ಚಿಗೆ. ಅದು ಗಲೀಜಲ್ಲ." ಡಬ್ಬಿಯ ಕತೆ, ಕಿವಿಯ ಮೆಷಿನ್ನಿನ ಕತೆ ಎಲ್ಲ ಹೇಳಿದೆ. "ಇಡೀ ಹೋಟ್ಲು ಹುಡುಕ್ದೆ, ಒಂದು ತಪ್ಪು ಸಿಗ್ಲಿಲ್ಲ. ನಂಗೆ ಬ್ಯಾಸರ ಆಗ್ತದೆ, ಖರೆ ಹೇಳ್ತೆ. ಆದ್ರೂ ಅವ್ಳನ್ನ ತನ್ನಿ. ಹಳೇ ಕಟ್ಟಡ ಮಾತ್ರ ನಂಗೇ ಇರ್ಲಿ, ಅಲ್ಲಿಗೆ ಅವ್ಳು ಕಾಲಿಡೂದು ಬ್ಯಾಡ."

ಮಾಲಕರು ನಕ್ಕರು.

"ಬಾಯಿ, ಅವ್ಳ ಹತ್ರ ನಾ ಆಗ್ಲೇ ಮಾತಾಡಿಯಾಗದೆ. ಅಕ್ಕ ನೋಡಿ, 'ಬಾ' ಅಂದ್ರೆ ಬತ್ತೆ, ಅಕ್ಕಂಗೆ ಮನ್ಸಿಲ್ದಿದ್ರೆ ಬರೂದಿಲ್ಲ ಅಂದ್ಳು. ಅದ್ಕೇ ನಿನ್ನ ಕಳ್ಸಿದ್ದು."

ಹಾಗಾದರೆ ಗಂಜಿ ತಂದಿಡುವಾಗಲೂ ಅವಳಿಗೆ ಗೊತ್ತಿತ್ತು, ಕಸದ ಪಕ್ಕ ಮಂಡಿಯೂರುವಾಗಲೂ ಗೊತ್ತಿತ್ತು. ತನ್ನ ಭವಿಷ್ಯವನ್ನು ನನ್ನ ಕೈಗೆ ಕೊಟ್ಟು, ಒಂದು ಮಾತೂ ಆಡದೆ ಓಡಾಡಿಕೊಂಡಿದ್ದಳು. ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿಬಿಟ್ಟಳಲ್ಲ ಎಂದು ಆ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಯೂ ಇತ್ತು, ಆದರೆ ಸಿಟ್ಟೇ ಜಾಸ್ತಿ. ಆ ರಾತ್ರಿ ಮ್ಯಾಡಮ್ ನೆರಿಗೆಯೊಳಗೆ ಕಾಲು ಚಾಚಿ ಮಲಗಿದೆ. ನಿದ್ದೆ ಚೆನ್ನಾಗಿ ಬಂತು. ನನ್ನ ಉಪಾಯವನ್ನು ನಾನೇ ಅನುಭವಿಸಿದ್ದು ಅದೇ ಮೊದಲು.

ಅವಳು ಬಂದಳು. ಹೊಸ ಕಟ್ಟಡ ಅವಳದು, ಹಳೆಯದು ನನ್ನದು. ಹೊಸದರ ಪೇಂಟಿನ ವಾಸನೆ ಹೋಗುವ ಮುಂಚೆಯೇ ಗಿರಾಕಿಗಳು ಅವಳನ್ನು ಹೊಗಳತೊಡಗಿದರು. ನಾನು ಮಳೆಗಾಲಕ್ಕೆ ಕಾದೆ.

ಆಷಾಢ ಬಂತು. ನಾನು ಎಣಿಸಿದ ಹಾಗೇ ಆಯಿತು. ಹೊಸ ಕಟ್ಟಡದಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಇದ್ದರೂ ಶೀಟುಗಳಿಗೆ ಮುಗ್ಗಲು ವಾಸನೆ. ಅವಳು ನನ್ನ ಬಾಗಿಲಿಗೆ ಬಂದು ನಿಂತಳು. ಕಪಾಟಿನ ತಳಕ್ಕೆ ಇದ್ದಿಲ ಗಂಟು ಇಡುವುದು, ಗೋಡೆಯಿಂದ ಒಂದು ಗೇಣು ದೂರ ಜೋಡಿಸುವುದು, ಹಳೆಯದನ್ನು ಕೆಳಗಿನಿಂದ ಮೊದಲು ತೆಗೆಯುವುದು, ಎಲ್ಲ ಕಲಿಸಿದೆ. ಒಂದನ್ನು ಬಿಟ್ಟು. ಮೆಷಿನ್ನಿನಿಂದ ತೆಗೆದ ಶೀಟನ್ನು ಬಿಸಿ ಇರುವಾಗಲೇ ಮಡಚಿದರೆ ಅದು ಮಡಿಕೆಯೊಳಗೆ ಬೆವರುತ್ತದೆ. ಅವಳು ಬಿಸಿಬಿಸಿಯಾಗಿ ಮಡಚಿ ಪೇರಿಸುವುದನ್ನು ನೋಡುತ್ತ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ಹಳೆಯ ಕಟ್ಟಡದ ಶೀಟುಗಳಿಗೆ ವಾಸನೆ ಇಲ್ಲ ಎಂದು ಗಿರಾಕಿಯೊಬ್ಬರು ಹೇಳಿದ ದಿನ ಮಾಲಕರಿಗೆ ಕೇಳುವ ಹಾಗೆ ಅದನ್ನು ಎರಡು ಸಲ ಹೇಳಿಸಿದೆ.

ಒಂದು ಸಂಜೆ ಹೊರಗೆ ಮಳೆ ಹೊಯ್ಯುತ್ತಿತ್ತು. ಅವಳು ಹೊಸ ಕಟ್ಟಡದ ಲಿನನ್ ರೂಮಿನಲ್ಲಿ ಒಬ್ಬಳೇ ಕೂತು, ಒಂದೊಂದೇ ಶೀಟನ್ನು ಮೂಗಿಗೆ ಹಿಡಿದು ಪಕ್ಕಕ್ಕೆ ಹಾಕುತ್ತಿದ್ದಳು. ಮತ್ತೆ ತೊಳೆಯಬೇಕಾದದ್ದರ ರಾಶಿ ಅವಳಿಗಿಂತ ಎತ್ತರವಾಗಿತ್ತು. ನಾನು ದಾಟಿಕೊಂಡು ಹೋದವಳು ತಿರುಗಿ ಬಂದೆ.

"ಬಿಸಿ ಇದ್ದಾಗ ಮಡಚ್ಬ್ಯಾಡೇ. ಹಗ್ಗದ ಮೇಲೆ ಹರವಿ ತಣ್ಣಗೆ ಮಾಡಿ ಮಡಚು" ಎಂದೆ.

ಅವಳು ಮೂಗಿನಿಂದ ಶೀಟು ಕೆಳಗಿಳಿಸಿದಳು. ಆಶ್ಚರ್ಯವೇನೂ ಪಡಲಿಲ್ಲ.

"ನೀ ಒಂದು ಹೇಳ್ದೆ ಇಟ್ಕಂಡಿದ್ದಿ ಅಂತ ಗೊತ್ತಿತ್ತು ಅಕ್ಕಾ. ಹೇಳ್ತಿ ಅಂತಾನೂ ಗೊತ್ತಿತ್ತು. ಕಾಯ್ತಾ ಇದ್ದೆ."

ಮೆಷಿನ್ನಿನಿಂದ ಬಿಸಿ ಶೀಟೊಂದನ್ನು ಎಳೆದು ಒಂದು ತುದಿಯನ್ನು ಅವಳಿಗೆ ಎಸೆದೆ. ಇಬ್ಬರೂ ಎತ್ತಿ ಕೊಡವಿ ಹಗ್ಗಕ್ಕೆ ಹಾಕಿದೆವು. ಅವಳ ತುದಿ ನನ್ನದಕ್ಕಿಂತ ನೇರವಾಗಿ ಬಿತ್ತು.